ಹೆಣ ಹೋಗದ ಓಣಿ

ಆಸ್ಪತ್ರೆಯವರು ಲೋಕಯ್ಯನಿಗೆ ಒಂದು ನೀಲಿ ಅಂಗಿಯನ್ನೂ ಒಂದು ಪೀಪಿಯನ್ನೂ ಕೊಟ್ಟ ದಿನ ಆ ಮನುಷ್ಯ ನೆಟ್ಟಗೆ ಮನೆಗೆ ಬಂದು, ಚಾವಡಿಯಲ್ಲಿ ನಿಂತು, ಪೀಪಿಯನ್ನು ಊದಿಯೇ ತೋರಿಸಿದ. ಒಲೆಯ ಬದಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು. ಅವನ ಹೆಂಡತಿ ಅಮ್ಮಣಿ ಮೊರದಲ್ಲಿದ್ದ ಬೀಡಿ ಎಲೆಯಿಂದ ತಲೆ ಎತ್ತಲಿಲ್ಲ.

"ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ," ಅಂದಳು. "ನಿಮಗೆ ಐಶ್ವರ್ಯವೂ ಬರಲಿಲ್ಲ. ಬರೀ ಪೀಪಿ ಬಂತು."

ಗಂಡನಿಗೆ ಹೀಗೆ ಹೇಳಬಹುದಾ ಎಂದು ಯಾರೂ ಮೂಗಿನ ಮೇಲೆ ಬೆರಳಿಡುವುದು ಬೇಡ. ಲೋಕಯ್ಯನನ್ನು ಕಟ್ಟಿಕೊಂಡ ಯಾವ ಹೆಂಗಸಾದರೂ ಹೀಗೆಯೇ ಹೇಳುತ್ತಿದ್ದಳು. ಅವನ ಕೈಯಲ್ಲಿ ಶುರುವಾದ ಕೆಲಸ ಮುಗಿದದ್ದನ್ನು ಕಂಡವರು ಆ ಬೈಲಿನಲ್ಲಿ ಒಬ್ಬರೂ ಇಲ್ಲ. ಬೇಲಿ ಕಟ್ಟಲು ಹೋದರೆ ಅರ್ಧ ಬೇಲಿ, ಬಾವಿ ಕೆರೆಯಲು ಹೋದರೆ ಅರ್ಧ ಕೆಸರು. ಉಳಿದ ಹೊತ್ತು ಹೆದ್ದಾರಿಯ ಬದಿಯ ಅಶ್ವತ್ಥದ ಕಟ್ಟೆಯಲ್ಲಿ ಕೂತು ಹೋಗುವ ಬರುವ ಬಸ್ಸು ನೋಡುವುದು. ಯಾವ ಬಸ್ಸಿಗೂ ಅವನು ಹತ್ತಬೇಕಾಗಿರಲಿಲ್ಲ, ಅದು ಬೇರೆ ಮಾತು. ಮನೆಯ ಒಲೆ ಉರಿದದ್ದು ಅಮ್ಮಣಿಯ ಬೆರಳುಗಳಿಂದ, ಅವಳು ಸುತ್ತಿದ ಬೀಡಿಯಿಂದ. ಮಕ್ಕಳಾಗಲಿಲ್ಲ. "ಅದೂ ಅರ್ಧದಲ್ಲೇ ಬಿಟ್ಟರು," ಎಂದು ಅಮ್ಮಣಿ ನೆರೆಯ ಹೆಂಗಸರ ಹತ್ತಿರ ಹೇಳಿ ತಾನೇ ಮೊದಲು ನಗುತ್ತಿದ್ದಳು.

ಈ ಬೈಲು ಇರುವುದು ಕಾಸರಗೋಡು ಪೇಟೆಯಿಂದ ಸ್ವಲ್ಪ ಹೊರಗೆ. ಮೇಲೆ ಹೆದ್ದಾರಿ, ಹೆದ್ದಾರಿಗೆ ತಾಗಿ ಈಶ್ವರಪ್ರಸಾದ ಡಾಕ್ಟರರ ಆಸ್ಪತ್ರೆ, ಆಸ್ಪತ್ರೆಯ ಹಿಂದೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ಐದು ಮನೆ, ಆಮೇಲೆ ಗದ್ದೆ. ಐದು ಮನೆಯವರಿಗೆ ಹೆದ್ದಾರಿಗೆ ಹತ್ತಲು ಒಂದು ಓಣಿ. ಗುಡ್ಡೆ, ಓಣಿ, ಗದ್ದೆ ಎಲ್ಲ ಒಂದು ಕಾಲದಲ್ಲಿ ಡಾಕ್ಟರರ ಅಜ್ಜನದ್ದು. ಅವರನ್ನು ಎಲ್ಲರೂ ದೊಡ್ಡ ಧನಿ ಎನ್ನುತ್ತಿದ್ದರು. ಭೂಸುಧಾರಣೆಯ ಗಲಾಟೆಯಲ್ಲಿ ಒಕ್ಕಲುಗಳಿಗೆ ಮನೆಯಡಿಯ ಜಾಗ ಸಿಕ್ಕಿತು. ಓಣಿ ಮಾತ್ರ ಧನಿಗಳ ಹೆಸರಿನಲ್ಲೇ ಉಳಿಯಿತು. ಮನೆ ಸಿಕ್ಕಿದ ಸಂತೋಷದಲ್ಲಿ, ಮನೆಗೆ ಹೋಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬುದ್ಧಿವಂತರ ಬೈಲು!

ದೊಡ್ಡ ಧನಿ ಒಂದು ಷರತ್ತು ಹಾಕಿದ್ದರು. "ನಡೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಈ ಓಣಿಯಲ್ಲಿ ಹೆಣ ಹೋಗಕೂಡದು." ಆ ಸೀಮೆಯ ಲೆಕ್ಕವೇ ಹಾಗೆ. ಜೀವ ಇದ್ದವರು ನಡೆದ ದಾರಿಗೆ ನಾಳೆ ಮುಳ್ಳು ಹಾಕಬಹುದು. ಹೆಣ ಹೋದ ದಾರಿಯನ್ನು ಮುಚ್ಚುವ ಧೈರ್ಯ ಯಾವ ಗಂಡಿಗೂ ಇಲ್ಲ. ಒಂದು ಸಲ ಚಟ್ಟ ಹೋಯಿತೋ, ಅದು ಊರಿನ ದಾರಿ. ಕಾಗದದಲ್ಲಿ ಯಾರ ಹೆಸರು ಬೇಕಾದರೂ ಇರಲಿ. ಧನಿಗಳ ಷರತ್ತಿಗೆ ಎಲ್ಲರ ಪರವಾಗಿ ತಲೆಯಾಡಿಸಿ ಮಾತು ಕೊಟ್ಟವನು ಲೋಕಯ್ಯನ ಅಪ್ಪ.

ಅಪ್ಪ ಸತ್ತ ಮೇಲೆ ಆ ಮಾತಿನ ಕಾವಲಿಗೆ ಮಗ ನಿಂತ. ಬೈಲಿನಲ್ಲಿ ಯಾರ ಉಸಿರು ನಿಂತರೂ, ಅಳುವವರು ಬರುವ ಮೊದಲು ಲೋಕಯ್ಯ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದ. "ಓಣಿಯಲ್ಲಿ ಬೇಡ. ಗದ್ದೆಯ ಬದಿಯಿಂದ ಹೋಗುವ. ಅಪ್ಪ ಮಾತು ಕೊಟ್ಟದ್ದುಂಟು." ಗದ್ದೆಯ ಬದಿ ಎಂದರೆ ಒಬ್ಬ ನಡೆಯುವಷ್ಟೇ ಅಗಲದ ಮಣ್ಣಿನ ಬದು, ಕಟ್ಟಹುಣಿ, ಅದರಾಚೆ ನೀರು ಹರಿಯುವ ತೋಡು, ತೋಡು ದಾಟಿ ಊರೆಲ್ಲ ಸುತ್ತಿ ಹೆದ್ದಾರಿ, ಅದರಾಚೆ ಸುಡುಗಾಡು. ನೆರೆಮನೆಯ ಬಟ್ಯಜ್ಜ ಆಟಿ ತಿಂಗಳ ಜಡಿಮಳೆಯಲ್ಲಿ ಸತ್ತಾಗ ಹೊತ್ತವರ ಕಾಲು ಜಾರಿ, ಅಜ್ಜ ಚಿತೆ ಏರುವ ಮೊದಲೇ ಗದ್ದೆಯಲ್ಲಿ ಒಮ್ಮೆ ಮುಳುಗಿ ಎದ್ದಿದ್ದ. ಆಗಲೂ ಲೋಕಯ್ಯ ಓಣಿಯ ಬಾಯಿಯಲ್ಲಿ ಕೈ ಅಗಲಿಸಿ ನಿಂತವನೇ. ತನ್ನ ಮನೆಯ ಮಾಡು ಸೋರುವುದನ್ನು ತಡೆಯಲಾಗದವನು ಪರರ ಹೆಣ ತಡೆಯಲು ಎಷ್ಟು ಚುರುಕು!

ಇನ್ನು ಆಸ್ಪತ್ರೆಯ ಕಥೆ. ಈಶ್ವರಪ್ರಸಾದ ಡಾಕ್ಟರರು ಮೊದಲು ಶುರುಮಾಡಿದ್ದು ಹೆಂಚಿನ ಮನೆಯ ಒಂದು ದವಾಖಾನೆ. ಗಲ್ಫಿನ ದುಡ್ಡು ಊರಿಗೆ ಬಂದ ಹಾಗೆ ಊರಿನ ಕಾಯಿಲೆಗಳಿಗೂ ಮರ್ಯಾದೆ ಬಂತು. ಕಷಾಯದಲ್ಲಿ ಹೋಗುತ್ತಿದ್ದ ಜ್ವರಕ್ಕೆ ಸ್ಕ್ಯಾನ್ ಬೇಕಾಯಿತು. ಎರಡು ಸಾವಿರದ ಏಳು-ಎಂಟರ ಹೊತ್ತಿಗೆ ಅಲ್ಲಿ ನಾಲ್ಕು ಮಾಳಿಗೆ ಎದ್ದು ನಿಂತಿತು. ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿಸಿದ ಪುಣ್ಯಾತ್ಮರಿಗೆ, ಬಂದವರು ಕಾರು ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಹೊಳೆಯಲಿಲ್ಲ. ಅಷ್ಟು ಓದಿದವರಿಗೆ ಇಷ್ಟು ಸಣ್ಣ ವಿಷಯ ಎಲ್ಲಿಂದ ಹೊಳೆಯಬೇಕು?

ನಮ್ಮ ಜನವೂ ಕಡಿಮೆಯವರಲ್ಲ. ಒಬ್ಬನಿಗೆ ಹರ್ನಿಯಾ ಆಪರೇಷನ್ ಆದರೆ ಇಡೀ ಕುಟುಂಬ ಜೀಪು ಮಾಡಿಕೊಂಡು ನೋಡಲು ಬರಬೇಕು. ವರ್ಕಾಡಿಯಿಂದ ಒಂದು ಜೀಪು, ಪುತ್ತಿಗೆಯಿಂದ ಒಂದು ಜೀಪು, ಕೈಯಲ್ಲಿ ಕಿತ್ತಳೆ, ಹಾರ್ಲಿಕ್ಸ್. ಬಾರದಿದ್ದರೆ ಮುಂದಿನ ಮದುವೆಯಲ್ಲಿ ಮುಖ ತಿರುಗಿಸುತ್ತಾರೆ. ರೋಗಿ ನೋವಿನಿಂದ ಗೋಳಾಡುವಾಗ ಮಂಚದ ಸುತ್ತ ನಿಂತು ಅಡಿಕೆಯ ಧಾರಣೆ ಮಾತಾಡುವುದು. ಕೆಳಗೆ ಜೀಪು, ಕಾರು, ಬೈಕು ಹೆದ್ದಾರಿಯ ಎರಡು ಬದಿಗೂ ತುಂಬಿ ಬಸ್ಸು ಹೋಗಲು ಜಾಗ ಇಲ್ಲ. ಒಂದು ದಿನ ಆಂಬ್ಯುಲೆನ್ಸೇ ಗೇಟಿನೆದುರು ಸಿಕ್ಕಿಹಾಕಿಕೊಂಡು ಕೂಗಿ ಕೂಗಿ ಸೋತಿತು. ಪೇಪರಿನಲ್ಲಿ ಫೋಟೋ ಬಂತು. ಪೊಲೀಸರು ಬಂದು ಹೆದ್ದಾರಿಯ ಬದಿಯಲ್ಲಿ ವಾಹನ ನಿಲ್ಲಿಸಬಾರದು ಎಂದು ಬೋರ್ಡು ನೆಟ್ಟರು.

ಆಗ ಡಾಕ್ಟರರ ಕಣ್ಣು ಹಿಂದಿನ ಗುಡ್ಡೆಯ ಮೇಲೆ ಬಿತ್ತು.

ಜೆಸಿಬಿ ಬಂತು, ಗುಡ್ಡೆ ಅರ್ಧ ಹೋಯಿತು. ಓಣಿ ಅಗಲವಾಯಿತು, ಕಾಂಕ್ರೀಟಾಯಿತು. ಬೈಲಿನವರು ಬರಿಗಾಲಿನಲ್ಲಿ ಕಾಂಕ್ರೀಟಿನ ಮೇಲೆ ನಡೆದು ನೋಡಿ ಹಲ್ಲು ಕಿರಿದರು. ಧನಿಗಳ ಮೊಮ್ಮಗ ಎಷ್ಟು ಒಳ್ಳೆಯವರು, ನಮಗೆ ರಸ್ತೆ ಮಾಡಿಕೊಟ್ಟರು ಎಂದು ಹೊಗಳಿದ್ದೇ ಹೊಗಳಿದ್ದು. "ಕೋಳಿಗೆ ಅಕ್ಕಿ ಹಾಕುವುದು ಅದರ ಮೇಲಿನ ಪ್ರೀತಿಯಿಂದಲಾ?" ಎಂದು ಅಮ್ಮಣಿ ಕೇಳಿದಳು. ಯಾರಿಗೂ ಕೇಳಿಸಲಿಲ್ಲ. ತಿಂಗಳು ಕಳೆಯುವ ಮೊದಲು ಓಣಿಯ ತುದಿಯಲ್ಲಿ ಒಂದು ಕಬ್ಬಿಣದ ಅಡ್ಡಕಂಬ ಬಂತು, ಅದಕ್ಕೊಂದು ಸರಪಳಿ, ಬೀಗ. ಬದಿಯಲ್ಲಿ ಬೋರ್ಡು: ಆಸ್ಪತ್ರೆಗೆ ಬರುವ ವಾಹನಗಳಿಗೆ ಮಾತ್ರ. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದರು. ಬೈಲಿನವರು ಓದುವ ಕನ್ನಡದಲ್ಲಿ ಬರೆಯುವ ತಾಪತ್ರಯ ತೆಗೆದುಕೊಳ್ಳಲಿಲ್ಲ. ಬೈಲಿನವರು ನಡೆದು ಹೋಗಬಹುದು, ರಿಕ್ಷಾ ಇಳಿಯಕೂಡದು, ಗ್ಯಾಸಿನ ವ್ಯಾನು ಇಳಿಯಕೂಡದು. ರಿಕ್ಷಾ ಬಂದರೆ ಕಾರು ತಿರುಗಿಸಲು ಅಡ್ಡಿಯಂತೆ.

ಆ ಕಂಬಕ್ಕೆ ಕಾವಲುಗಾರ ಯಾರು? ಲೋಕಯ್ಯ. ಇಡೀ ಕಾಸರಗೋಡಿನಲ್ಲಿ ಬೇರೆ ಗಂಡಸು ಸಿಗದೆ ಅಲ್ಲ. ಡಾಕ್ಟರರು ಲೆಕ್ಕದಲ್ಲಿ ಜಾಣರು. ಬೈಲಿನವರನ್ನು ತಡೆಯಲು ಬೈಲಿನವನೇ ಇದ್ದರೆ ಜಗಳ ಮನೆಯೊಳಗೇ ಮುಗಿಯುತ್ತದೆ. "ಲೋಕಯ್ಯ, ನಿನ್ನ ಅಪ್ಪ ನಮ್ಮ ಅಜ್ಜನಿಗೆ ಕೊಟ್ಟ ಮಾತು ಉಳಿಸಿದವನು ನೀನು. ನಿನ್ನಂಥವನೇ ಇಲ್ಲಿಗೆ ಬೇಕು," ಎಂದರಂತೆ. ಅಷ್ಟಕ್ಕೇ ಈ ಮನುಷ್ಯ ಕರಗಿ ನೀರಾಗಿ ಪೀಪಿ ಹಿಡಿದುಕೊಂಡು ಬಂದದ್ದು.

ನಾಚಿಕೆ ಎನ್ನುವುದು ಇದ್ದರಲ್ಲವಾ!

ಬೇರೆ ಯಾವ ಕೆಲಸದಲ್ಲೂ ಕಾಣದ ಶ್ರದ್ಧೆ ಅವನಿಗೆ ಈ ಕೆಲಸದಲ್ಲಿ ಬಂತು. ಕಾರು ಕಂಡರೆ ಸೆಟೆದು ನಿಂತು ಸಲಾಮು ಹೊಡೆದು ಕಂಬ ಎತ್ತುವನು. ರಿಕ್ಷಾ ಕಂಡರೆ ಪೀಪಿ. ಅವನ ತಂಗಿಯ ಮಗ ಪ್ರವೀತ್ ಬೈಲಿನ ಕೊನೆಯ ಮನೆಯಲ್ಲಿರುವವನು, ರಿಕ್ಷಾ ಓಡಿಸಿ ಹೊಟ್ಟೆ ಹೊರೆಯುವವನು. ಅವನೂ ರಿಕ್ಷಾವನ್ನು ಹೆದ್ದಾರಿಯಾಚೆ ಯಾರದೋ ಅಂಗಡಿಯ ಮಗ್ಗುಲಲ್ಲಿ ಬಿಟ್ಟು ಬರಬೇಕಾಯಿತು. "ಮಾವ, ನಾನೇ ಅಲ್ಲವಾ?" ಎಂದು ಕೇಳಿದರೆ, "ಕಾನೂನು ಎಲ್ಲರಿಗೂ ಒಂದೇ," ಎಂಬ ಉತ್ತರ. ಕಾನೂನಂತೆ! ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಹೆಂಡತಿಯನ್ನು ಕೇಳುವವನ ಬಾಯಲ್ಲಿ ಕಾನೂನು.

ಅಮ್ಮಣಿ ಇದನ್ನೆಲ್ಲ ಬೈದುಕೊಂಡು ಸಹಿಸಿದಳು. ಸಹಿಸಲಾಗದ್ದು ಪ್ರವೀತನ ಹೆಂಡತಿ ಭವ್ಯಶ್ರೀಗೆ ನೋವು ಶುರುವಾದ ದಿನ ಆಯಿತು. ಚೊಚ್ಚಲು. ಹೊರಗೆ ಮಳೆ. ಪ್ರವೀತ್ ಓಡಿ ಹೋಗಿ ರಿಕ್ಷಾ ತಂದ. ಅಡ್ಡಕಂಬದ ಹತ್ತಿರ ಲೋಕಯ್ಯ ಕೈ ಅಡ್ಡ ಹಿಡಿದ. ಆವತ್ತು ಯಾರೋ ದೊಡ್ಡವರು ರೋಗಿ ನೋಡಲು ಬಂದಿದ್ದರಂತೆ, ಅವರ ಕಾರುಗಳು ಓಣಿಯ ಉದ್ದಕ್ಕೂ ನಿಂತಿದ್ದವಂತೆ, ಒಂದು ರಿಕ್ಷಾ ಬಿಟ್ಟರೆ ತಿರುಗಿಸಲು ಆಗುವುದಿಲ್ಲವಂತೆ. "ಎಷ್ಟು ದೂರ ಉಂಟು? ನಡೆಸಿಕೊಂಡು ಬಾ," ಎಂದ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು. ಕಣ್ಣೆದುರು ನಾಲ್ಕು ಮಾಳಿಗೆಯ ಆಸ್ಪತ್ರೆ. ಅಲ್ಲಿಗೆ ತಲುಪಲು ತುಂಬಿದ ಬಸುರಿ ಅಮ್ಮಣಿಯ ಹೆಗಲು ಹಿಡಿದು, ಕಾರು ಕಾರಿನ ನಡುವೆ ಮೈ ಓರೆ ಮಾಡಿ, ಕಾಂಕ್ರೀಟು ಹತ್ತಿದಳು. ಅರ್ಧದಲ್ಲಿ ನೀರು ಒಡೆಯಿತು. ಯಾರದೋ ಬಿಳಿ ಕಾರಿಗೆ ಒರಗಿ ಅವಳು ಕಿರುಚಿದಾಗ, ಆ ಕಾರಿನ ಡ್ರೈವರು ಕಿಟಕಿ ಇಳಿಸಿ, ಬಾಗಿಲಿಗೆ ಕೈ ತಾಗಿಸಬೇಡಿ ಎಂದ. ಹೇಗೋ ಎತ್ತಿಕೊಂಡು ಮೇಲೆ ಮುಟ್ಟಿಸಿದರು. ಮಗುವೂ ತಾಯಿಯೂ ಉಳಿದರು, ಅದು ದೇವರ ದಯೆ. ಕಂಬದ ಬಳಿ ಹಾದುಹೋಗುವಾಗ ಲೋಕಯ್ಯ ನಿಂತೇ ಇದ್ದ. ಪೀಪಿ ಕುತ್ತಿಗೆಯಲ್ಲಿ ತೂಗುತ್ತಿತ್ತು. ಅವನು ಕೊಡೆ ಬಿಚ್ಚಿ ಹಿಡಿಯಲು ಬಂದ. ಅಮ್ಮಣಿ ಆ ಕೊಡೆಯನ್ನು ಹೊಡೆದು ಚರಂಡಿಗೆ ಬೀಳಿಸಿದಳು.

ಅಂದಿನಿಂದ ಅವಳು ಗಂಡನ ಹತ್ತಿರ ಮಾತು ಬಿಟ್ಟಳು. ಅನ್ನ ಬಡಿಸಿ ಹಲಗೆಯ ಮೇಲೆ ಇಡುವಳು. ಹೇಳಬೇಕಾದದ್ದನ್ನು ಬೆಕ್ಕಿಗೆ ಹೇಳುವಳು. "ಉಪ್ಪು ಕಡಿಮೆ ಆದರೆ ಡಾಕ್ಟರರ ಮನೆಗೆ ಹೋಗಿ ಕೇಳಲಿ," ಎಂದು ಬೆಕ್ಕಿಗೆ.

ಮರುವರ್ಷ ಇನ್ನೊಂದು ಸುದ್ದಿ ಬಂತು. ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತದೆ, ಓಣಿಯ ಮೇಲೆಯೇ ಏಳುತ್ತದೆ, ಏಪ್ರಿಲಿನ ವಿಷು ಹಬ್ಬ ಕಳೆದ ಮೇಲೆ ಓಣಿ ಪೂರ್ತಿ ಬಂದ್. ಬೈಲಿನವರು ಕಟ್ಟಹುಣಿಯಲ್ಲಿ ಓಡಾಡಿಕೊಳ್ಳಲಿ. ಮಳೆಗಾಲದಲ್ಲಿ ಆ ಹುಣಿ ಎಲ್ಲಿದೆ ಎಂದು ಕಪ್ಪೆಗೂ ಗೊತ್ತಾಗುವುದಿಲ್ಲ. ಐದು ಮನೆಯ ಮುದುಕರು, ಮಕ್ಕಳು, ಭವ್ಯಶ್ರೀಯ ಕೈಗೂಸು, ಎಲ್ಲರೂ ನೀರಿನ ನಡುವೆ ಬಾಕಿ. ಆಗ ಬೈಲಿಗೆ ಎಚ್ಚರವಾಯಿತು. ಎಚ್ಚರವಾದ ಕೂಡಲೇ ನಮ್ಮ ಊರಿನಲ್ಲಿ ಮಾಡುವ ಕೆಲಸ ಒಂದೇ: ಕ್ರಿಯಾ ಸಮಿತಿ. ವಾರ್ಡಿನ ಮೆಂಬರ್ ವಾಸಪ್ಪ ಅದಕ್ಕೆ ಅಧ್ಯಕ್ಷ. ಅವನ ಮುಖ ಇರುವ ಫ್ಲೆಕ್ಸು ಬಂತು. ಒಂದು ಮೆರವಣಿಗೆ ಆಯಿತು, ಒಂದು ಧರಣಿ ಆಯಿತು. ಧರಣಿಯ ದಿನ ವಾಸಪ್ಪ ಫೋಟೋ ತೆಗೆಯುವವರೆಗೆ ಕೂತು, ಆಮೇಲೆ ಬಿ.ಪಿ. ನೋಡಿಸಲು ಅದೇ ಆಸ್ಪತ್ರೆಯ ಒಳಗೆ ಹೋದ.

ಕೊನೆಗೆ ಡಾಕ್ಟರರು ಎಲ್ಲರನ್ನೂ ಮಾತುಕತೆಗೆ ಕರೆದರು. ಆಸ್ಪತ್ರೆಯದ್ದೇ ಮೀಟಿಂಗ್ ಹಾಲು, ಎ.ಸಿ., ಚಾ, ಬಾಳೆಕಾಯಿ ಚಿಪ್ಸು. ಕ್ರಿಯಾ ಸಮಿತಿಯ ಕ್ರಿಯೆ ಚಿಪ್ಸಿನ ತಟ್ಟೆಯ ಮೇಲೆಯೇ ನಡೆಯಿತು. ಅಮ್ಮಣಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು, ಚಾ ಮುಟ್ಟಲಿಲ್ಲ. ವಾಸಪ್ಪ ಗಂಟಲು ಸರಿಮಾಡಿ, ಇದು ತಲೆತಲಾಂತರದ ಊರಿನ ದಾರಿ ಎಂದ. ಡಾಕ್ಟರರು ನಕ್ಕರು. ಬಾಗಿಲ ಬಳಿ ನಿಂತಿದ್ದ ಲೋಕಯ್ಯನನ್ನು ಕರೆದರು.

"ಲೋಕಯ್ಯ, ನೀನು ಸುಳ್ಳು ಹೇಳುವವನಲ್ಲ. ಈ ಓಣಿಯಲ್ಲಿ ಯಾವತ್ತಾದರೂ ಒಂದು ಹೆಣ ಹೋದದ್ದುಂಟಾ?"

ಸಭೆಯಲ್ಲಿ ಚಿಪ್ಸು ಜಗಿಯುವ ಸದ್ದು ನಿಂತಿತು. ಪ್ರಶ್ನೆಯ ಅರ್ಥ ಎಲ್ಲರಿಗೂ ಗೊತ್ತಿತ್ತು.

"ಇಲ್ಲ ಧನಿ," ಎಂದ ಲೋಕಯ್ಯ. "ಒಂದೂ ಹೋಗಲಿಲ್ಲ. ನಾನಿರುವಾಗ ಹೋಗಲಿಕ್ಕೆ ಬಿಡಲಿಲ್ಲ." ಎದೆಯುಬ್ಬಿಸಿಯೇ ಹೇಳಿದ, ಮಹಾರಾಯ.

"ಮತ್ತೆ ಇದು ಊರಿನ ದಾರಿ ಹೇಗಾಯಿತು, ವಾಸಪ್ಪ?" ಎಂದು ಕೇಳಿದರು ಡಾಕ್ಟರರು. ಕೋರ್ಟಾಗಿದ್ದರೆ ವಕೀಲರು ನಕ್ಕುಬಿಡುತ್ತಿದ್ದರೋ ಏನೋ. ಇಲ್ಲಿ ಕೂತವರೆಲ್ಲ ಇಲ್ಲಿಯವರೇ, ಯಾರಿಗೂ ಎದುರು ಮಾತು ಹೊರಡಲಿಲ್ಲ. ವಾಸಪ್ಪ ಚಾ ಮುಗಿಸಿ ಎದ್ದ.

ಆ ದಿನ ಮನೆಯಲ್ಲಿ ಅಮ್ಮಣಿ ಬೆಕ್ಕನ್ನು ಬಿಟ್ಟು ಗಂಡನ ಮುಖಕ್ಕೇ ಮಾತಾಡಿದಳು.

"ನೀವು ಗಂಡಸಾ? ಐದು ಮನೆಯ ಕುತ್ತಿಗೆ ಕೊಯ್ದು ಬಂದಿರಲ್ಲ!"

"ಸುಳ್ಳು ಹೇಳಬೇಕಿತ್ತಾ?"

"ಬಾಯಿ ಮುಚ್ಚಿ ನಿಲ್ಲಬಹುದಿತ್ತು. ಹುಟ್ಟಿದಂದಿನಿಂದ ಮಾಡಿದ್ದು ಅದೊಂದೇ, ಅದನ್ನು ಇವತ್ತೂ ಮಾಡಬಹುದಿತ್ತು."

ಲೋಕಯ್ಯ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದ. ಆಮೇಲೆ ಹೇಳಿದ: "ನನ್ನ ಹತ್ತಿರ ಬೇರೆ ಎಂತ ಉಂಟು ಹೇಳು, ಅಮ್ಮಣೀ? ಅಪ್ಪ ಬಿಟ್ಟುಹೋದದ್ದು ಅದೊಂದು ಮಾತು. ಮತ್ತೆಲ್ಲ ನಾನು ಹಾಳು ಮಾಡಿದೆ, ನೀನು ಹೇಳುವುದು ಸರಿ. ಅದೊಂದನ್ನು ಮಾಡಲಿಲ್ಲ ಅಂತಾದರೂ ಇರಲಿ."

ಅಮ್ಮಣಿಗೆ ಇನ್ನಷ್ಟು ಸಿಟ್ಟು ಬಂತು. ಅನ್ನದ ಪಾತ್ರೆಯನ್ನು ಕುಕ್ಕಿ ಹೊರಗೆ ಹೋಗಿ ಕೂತಳು.

ವಿಷುವಿಗೆ ಮೊದಲೇ, ಮಾರ್ಚಿನ ಉರಿಬಿಸಿಲಿನಲ್ಲಿ, ಲೋಕಯ್ಯ ಅಡ್ಡಕಂಬದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಒರಗಿದ. ಶನಿವಾರ ಮಧ್ಯಾಹ್ನ. ಒಂದು ಕಾರಿನವನು ಕಂಬ ಎತ್ತಲಿಲ್ಲವೆಂದು ಹಾರ್ನ್ ಹೊಡೆದು ಹೊಡೆದು, ಇಳಿದು ಬೈಯಲು ಬಂದಾಗಲೇ ಗೊತ್ತಾದದ್ದು. ಒಳಗೆ ಹೊತ್ತುಕೊಂಡು ಹೋದರು. ಎದೆ ನಿಂತಿತ್ತು. ಡಾಕ್ಟರರು ದೊಡ್ಡ ಮನಸ್ಸು ಮಾಡಿ ಆಂಬ್ಯುಲೆನ್ಸ್ ಕೊಟ್ಟರು: ಎದುರಿನ ಗೇಟಿನಿಂದ ಹೆದ್ದಾರಿಗೆ ಇಳಿದು, ಊರು ಸುತ್ತಿ, ತೋಡಿನವರೆಗೆ. ಅಲ್ಲಿಂದ ಗದ್ದೆಯ ಹುಣಿಯಲ್ಲಿ ಹೊತ್ತು ಮನೆಗೆ. ಕಳಿಸುವ ಮೊದಲು ಮ್ಯಾನೇಜರು ಬಂದು ನೀಲಿ ಅಂಗಿಯನ್ನೂ ಪೀಪಿಯನ್ನೂ ತೆಗೆದಿಟ್ಟುಕೊಂಡ, ಅವು ಆಸ್ಪತ್ರೆಯ ಸೊತ್ತು ಎಂದು. ಬನಿಯನ್ನಿನಲ್ಲಿ ಬಂದ ಗಂಡನನ್ನು ನೋಡಿ ಅಮ್ಮಣಿಗೆ ಅಳು ಬರುವ ಮೊದಲು ಮೈಯೆಲ್ಲ ಉರಿಯಿತು.

ಭಾನುವಾರ ಬೆಳಗ್ಗೆ ಹೆಣಕ್ಕೆ ಸ್ನಾನ ಮಾಡಿಸುವಾಗ ಸೊಂಟದ ಉಡಿದಾರದಲ್ಲಿ ಒಂದು ಕೀಲಿಕೈ ಸಿಕ್ಕಿತು. ಅಡ್ಡಕಂಬದ ಬೀಗದ್ದು. ಮ್ಯಾನೇಜರನ ಕೈ ಅಲ್ಲಿವರೆಗೆ ಹೋಗಿರಲಿಲ್ಲ. ಅಮ್ಮಣಿ ಅದನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿದಳು. ಅಳುತ್ತಿದ್ದ ಹೆಂಗಸರು ಅವಳೂ ಅಳುತ್ತಾಳೆ ಎಂದುಕೊಂಡರು.

ಚಟ್ಟ ಕಟ್ಟಿಯಾಯಿತು. ಬೆಂಕಿ ಕೊಡಬೇಕಾದ ಸೋದರಳಿಯ ಪ್ರವೀತ್ ಒದ್ದೆ ಬಟ್ಟೆಯಲ್ಲಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಜನ ತಾವಾಗಿಯೇ ಗದ್ದೆಯ ಬದಿಗೆ ತಿರುಗಿದರು. ಗದ್ದೆ ಒಣಗಿ ಬಿರಿದಿತ್ತು. ಕೆಸರಿನ ನೆವವೂ ಇರಲಿಲ್ಲ, ನೀರಿನ ನೆವವೂ ಇರಲಿಲ್ಲ.

"ಆ ಕಡೆ ಅಲ್ಲ," ಎಂದಳು ಅಮ್ಮಣಿ. "ಮೇಲೆ ಹೋಗಿ. ಓಣಿಯಲ್ಲಿ."

ವಾಸಪ್ಪ, ಸಮಿತಿಯ ಅಧ್ಯಕ್ಷ, ದಾರಿಗಾಗಿ ಪ್ರಾಣ ಕೊಡುತ್ತೇನೆಂದು ಫ್ಲೆಕ್ಸ್ ಹಾಕಿಸಿದವನು, ಓಡಿ ಬಂದ. "ಎಂತದು ಅಮ್ಮಣಕ್ಕ, ಇವತ್ತಿನ ದಿನ ಗಲಾಟೆ ಬೇಡ. ನಾಳೆ ಡಾಕ್ಟರರ ಮುಖ ನಾವು ನೋಡಬೇಕಲ್ಲ."

"ನೀನು ನೋಡು. ನಿನ್ನ ಬಿ.ಪಿ.ಗೆ ಅವರ ಮುಖವೇ ಮದ್ದು. ಪಕ್ಕಕ್ಕೆ ನಿಲ್ಲು."

"ಲೋಕಯ್ಯಣ್ಣನೇ ಯಾವತ್ತೂ ಬಿಟ್ಟವರಲ್ಲ..."

"ಇವತ್ತು ಅವರು ಕೈ ಅಡ್ಡ ಹಿಡಿದರೆ ನಾನು ನಿಲ್ಲುತ್ತೇನೆ. ಹಿಡಿಯಲಿ ನೋಡುವ."

ಪ್ರವೀತ್ ಅತ್ತೆಯ ಮುಖ ನೋಡಿದ. ಆಮೇಲೆ ಹೆಗಲಿನ ಬಿದಿರನ್ನು ಓಣಿಯ ಕಡೆಗೆ ತಿರುಗಿಸಿದ. ಮುಂದಿನವನು ತಿರುಗಿದ ಮೇಲೆ ಹಿಂದಿನವರು ಬೇರೆ ಕಡೆ ಹೋಗುವುದು ಹೇಗೆ? ಹೆಂಗಸರು ಅಂಗಳ ಬಿಟ್ಟು ಹೋಗುವ ಪದ್ಧತಿ ಅಲ್ಲಿಲ್ಲ. ಅಮ್ಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಟ್ಟಕ್ಕಿಂತ ಮುಂದೆ ನಡೆದಳು. ಭವ್ಯಶ್ರೀ ಮಗುವನ್ನು ಎತ್ತಿಕೊಂಡು ಅವಳ ಹಿಂದೆ ಬಂದಳು.

ಭಾನುವಾರ ಎಂದರೆ ಆಸ್ಪತ್ರೆಗೆ ನೋಡುವವರ ಜಾತ್ರೆ. ಓಣಿಯ ಎರಡು ಬದಿಗೂ ಕಾರು. ಕಿತ್ತಳೆಯ ಚೀಲ ಹಿಡಿದು ಇಳಿಯುತ್ತಿದ್ದವರು ಎದುರಿಗೆ ಹೆಣ ಬರುವುದನ್ನು ಕಂಡು ಮತ್ತೆ ಕಾರಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಎರಚಿದ ಅರಳು ಬಾನೆಟ್ಟುಗಳ ಮೇಲೆ ಬಿತ್ತು, ಕನ್ನಡಿಗಳ ಮೇಲೆ ಬಿತ್ತು. ಒರೆಸಲು ಯಾರಿಗೂ ಕೈ ಬರಲಿಲ್ಲ. ತುದಿಯಲ್ಲಿ ಅಡ್ಡಕಂಬ ಬೀಗ ಹಾಕಿಕೊಂಡು ಮಲಗಿತ್ತು, ಕಾರು ತುಂಬಿದ ಮೇಲೆ ಮ್ಯಾನೇಜರು ತನ್ನ ಹತ್ತಿರದ ಇನ್ನೊಂದು ಕೀಲಿಯಲ್ಲಿ ಹಾಕಿಸಿದ್ದು. ಹೊಸ ಕಾವಲುಗಾರ ಇನ್ನೂ ಬಂದಿರಲಿಲ್ಲ. ಹಳೆಯವನು ಹೆಗಲಮೇಲೆ ಬರುತ್ತಿದ್ದ.

ಯಾರೋ ಓಡಿ ಹೇಳಿರಬೇಕು, ಈಶ್ವರಪ್ರಸಾದ ಡಾಕ್ಟರರು ಪಂಚೆಯಲ್ಲೇ ಹೊರಗೆ ಬಂದರು. ಪೊಲೀಸರನ್ನು ಕರೆಯುವ ಎಂದು ಮ್ಯಾನೇಜರು ಫೋನು ತೆಗೆದ. ಡಾಕ್ಟರರು ಅವನ ಕೈ ಹಿಡಿದರು. ಅವರೂ ಆ ಮಣ್ಣಿನವರೇ. ಎದ್ದ ಚಟ್ಟವನ್ನು ಹಿಂದೆ ತಿರುಗಿಸಿದ ಪಾಪ ಏಳು ತಲೆಮಾರಿಗೆ ಎಂಬುದು ಅವರು ಕಲಿತ ಯಾವ ಪುಸ್ತಕದಲ್ಲೂ ಇಲ್ಲದಿದ್ದರೂ ರಕ್ತದಲ್ಲಿತ್ತು.

"ಅಮ್ಮಣಿ," ಎಂದರು, ಮೆಲ್ಲಗೆ. "ಇದು ನೀನು ಮಾಡಬಾರದಿತ್ತು. ಲೋಕಯ್ಯನಿಗೆ ಇದು ಖಂಡಿತ ಇಷ್ಟ ಆಗುತ್ತಿರಲಿಲ್ಲ."

"ಗೊತ್ತುಂಟು ಡಾಕ್ಟ್ರೇ," ಎಂದಳು ಅಮ್ಮಣಿ. "ಅವರಿಗೆ ಇಷ್ಟ ಇಲ್ಲ. ಅದಕ್ಕೇ ನಾನು ಅವರು ಸಾಯುವವರೆಗೆ ಕಾದದ್ದು."

ಕೀಲಿ ತಿರುಗಿಸಿದಳು. ಸರಪಳಿ ಕಳಚಿತು. ಕಂಬ ಎತ್ತಿ ಹಿಡಿದುಕೊಂಡಳು, ಚಟ್ಟ ಪೂರ್ತಿ ದಾಟುವವರೆಗೆ. ಬಿದಿರು ಅವಳ ಪಕ್ಕದಿಂದ ಹೋಗುವಾಗ ಗಂಡನ ಪಾದ ಮುಖದ ಹತ್ತಿರವೇ ಬಂತು. ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಇನ್ನೂ ಇತ್ತು. ಎಷ್ಟು ತಿಕ್ಕಿ ಸ್ನಾನ ಮಾಡಿಸಿದರೂ ಅದು ಹೋಗಿರಲಿಲ್ಲ. ಆಗ ಅವಳಿಗೆ ಅಳು ಬಂತು, ತಡೆಯಲಾರದ ಹಾಗೆ ಬಂತು. ಕಂಬವನ್ನು ಮಾತ್ರ ಬಿಡಲಿಲ್ಲ.

ಆಮೇಲಿನದ್ದು ದೊಡ್ಡ ಕಥೆಯೇನಲ್ಲ. ಇದರಿಂದ ಕಾಗದದಲ್ಲಿ ಏನೂ ಬದಲಾಗುವುದಿಲ್ಲ ಎಂದರು ಪೇಟೆಯ ವಕೀಲರು. ಕಾಗದ ಹಾಗೆಯೇ ಇತ್ತು, ಸರಿ. ಆದರೆ ಹೆಣ ಹೋದ ಜಾಗದಲ್ಲಿ ಭೂಮಿಪೂಜೆಗೆ ಬರುತ್ತೇನೆಂದು ಯಾವ ಭಟ್ಟರೂ ಒಪ್ಪಲಿಲ್ಲ. ತಳಪಾಯದ ಪಂಚಾಂಗ ಕಟ್ಟಲು ಬಂದ ಮೇಸ್ತ್ರಿ ಸುದ್ದಿ ಕೇಳಿ ಸಾಮಾನು ಕಟ್ಟಿದ. ಡಾಕ್ಟರರ ಮುದಿತಾಯಿ ಈಶ್ವರಿಯಮ್ಮ, "ಹೋಯಿತಲ್ಲ, ಇನ್ನು ಅದರ ಆಸೆ ಬಿಡು," ಎಂದು ಮಗನಿಗೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರಂತೆ. ಹೊಸ ಕಟ್ಟಡ ಹೆದ್ದಾರಿಯ ಇನ್ನೊಂದು ಮಗ್ಗುಲಿಗೆ ಹೋಯಿತು. ಕಾರು ನಿಲ್ಲಿಸುವ ಜಾಗವೂ ಅತ್ತ ಹೋಯಿತು. ಅಡ್ಡಕಂಬವನ್ನು ಕಿತ್ತದ್ದು ಆಸ್ಪತ್ರೆಯವರೇ. ಮಳೆಗಾಲ ಶುರುವಾಗುವಾಗ ಪ್ರವೀತನ ರಿಕ್ಷಾ ಅವನ ಮನೆಯ ಅಂಗಳದಲ್ಲಿ ನಿಂತಿತ್ತು.

ವಾಸಪ್ಪ ಸುಮ್ಮನಿರುತ್ತಾನಾ? ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಓಣಿಯ ಬಾಯಿಯಲ್ಲಿ ಹೊಸ ಫ್ಲೆಕ್ಸ್ ಎದ್ದಿತು: ಊರಿಗೆ ದಾರಿ ತೆರೆದ ಲೋಕಯ್ಯಣ್ಣನ ಸ್ಮರಣೆಗೆ. ಮೂಲೆಯಲ್ಲಿ ಲೋಕಯ್ಯನ ಸಣ್ಣ ಮುಖ, ನಡುವೆ ವಾಸಪ್ಪನ ದೊಡ್ಡ ಮುಖ. ಓಣಿಗೆ ಲೋಕಯ್ಯನ ಹೆಸರಿಡಬೇಕೆಂದು ಪಂಚಾಯತಿನಲ್ಲಿ ನಿರ್ಣಯವೂ ಆಯಿತು. ಎಂಥ ತ್ಯಾಗಿ, ಸತ್ತೂ ಉಪಕಾರ ಮಾಡಿದ ಎಂದು ಬೈಲಿನವರು ಕಣ್ಣು ಒರೆಸಿಕೊಂಡರು. ಬದುಕಿದ್ದಾಗ ಅವನ ಪೀಪಿಗೆ ಶಾಪ ಹಾಕಿದ ಬಾಯಿಗಳೇ. ಥೂ, ಈ ಜನದ ನೆನಪಿಗೆ ಬೆಂಕಿ ಬೀಳಲಿ ಎಂದುಕೊಂಡಳು ಅಮ್ಮಣಿ. ಫ್ಲೆಕ್ಸಿನ ಎದುರು ಹೋಗುವಾಗೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಜೀವ ಇದ್ದಿದ್ದರೆ ಆ ಚಟ್ಟವನ್ನು ತಡೆಯಲು ಮೊದಲು ಓಡಿ ಬರುತ್ತಿದ್ದವನು ಲೋಕಯ್ಯನೇ. ಅದು ಡಾಕ್ಟರರಿಗೆ ಗೊತ್ತು, ಅವಳಿಗೆ ಗೊತ್ತು.

ಒಂದು ದಿನ ಬೀಡಿಯ ಕಟ್ಟು ತೆಗೆದುಕೊಂಡು ಕಂಪನಿಯ ಬ್ರಾಂಚಿಗೆ ಹೋಗಲು ಪ್ರವೀತನ ರಿಕ್ಷಾ ಹತ್ತಿದಳು. ಓಣಿ ಏರುವಾಗ ಅವನು ಖುಷಿಯಲ್ಲಿ, "ನೋಡಿ ಅತ್ತೆ, ಈಗ ಹೇಗುಂಟು? ಮಾವನ ರೋಡು!" ಎಂದ.

"ಪ್ರವೀತ, ರಿಕ್ಷಾ ನಿಲ್ಲಿಸು."

ಅವನು ನಿಲ್ಲಿಸಿ ಹಿಂದೆ ತಿರುಗಿದ.

"ನಾನು ಸತ್ತರೆ ನನ್ನನ್ನು ಈ ರೋಡಿನಲ್ಲಿ ಕೊಂಡೋಗಬೇಡ. ಗದ್ದೆಯ ಬದಿಯಿಂದ ಕೊಂಡೋಗು."

"ಎಂತ ಅತ್ತೆ ನೀವು! ದಾರಿ ಮಾಡಿಸಿದವರೇ ನೀವು. ಊರಿನವರೆಲ್ಲ ಇದರಲ್ಲೇ ಹೋಗುವಾಗ ನೀವೊಬ್ಬರು..."

"ಊರಿನವರು ಹೋಗಲಿ. ಆ ಮನುಷ್ಯನ ಹತ್ತಿರ ಇದ್ದದ್ದು ಅದೊಂದೇ ಮಾತು. ಅದನ್ನು ಅವರ ಮೈ ಮೇಲೆಯೇ ಮುರಿದವಳು ನಾನು. ಬೇಕಿತ್ತು, ಮುರಿದೆ. ನಾಳೆ ಬೇಕಾದರೂ ಮುರಿಯುತ್ತೇನೆ. ಆದರೆ ಅವರ ಮನೆಯಿಂದ ಒಂದು ಹೆಣವಾದರೂ ಅವರು ಹೇಳಿದ ದಾರಿಯಲ್ಲಿ ಹೋಗಲಿ."

ಪ್ರವೀತ್ ತಲೆ ಹೊರಗೆ ಹಾಕಿ ಗದ್ದೆಯ ಕಡೆ ನೋಡಿದ. "ಮಳೆಗಾಲ ಆದರೆ?" ಎಂದ.

"ಆದರೆ ನಿಮ್ಮ ಕಾಲು ಒದ್ದೆ ಆಗ್ತದೆ. ಸಾಯುವುದಿಲ್ಲ. ಗಾಡಿ ಬಿಡು, ಬ್ರಾಂಚಿನವ ಬಾಗಿಲು ಹಾಕಿಯಾನು."